ಮುಗಿದ ಕೈಗೊಂದು ಹೊಣೆ ಇರಲಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೋದರೆ ಮನೆಗಳ ನೆತ್ತಿಯ ಮೇಲೆಯೇ ಬಾಣಂತನ ನಡೆದಿರುತ್ತದೆ. ಹುಣಸೆ ಮರದ ತುದಿಯಲ್ಲಿ ಹೆಜ್ಜಾರ್ಲೆ, ಪಕ್ಕದ ಅರಳಿಯಲ್ಲಿ ಬಣ್ಣದ ಕೊಕ್ಕರೆ. ಎಲೆಗಳಿಗೆಲ್ಲ ಸುಣ್ಣ ಬಳಿದಂತೆ ಹಿಕ್ಕೆ, ಅಂಗಳದ ತುಂಬ ಮೀನಿನ ನಾತ. ಗಾಳಿಗೆ ಗೂಡು ಜಾರಿ ಮರಿ ನೆಲಕ್ಕೆ ಬಿದ್ದರೆ ಅದನ್ನೆತ್ತಿ ಬೇಲಿಯೊಳಗೆ ಬಿಟ್ಟು, ರೆಕ್ಕೆ ಬಲಿಯುವವರೆಗೆ ಮೀನು ಹಾಕಿ ಸಾಕುತ್ತಾರೆ. ಯಾಕೆಂದು ಕೇಳಿದರೆ ಊರವರು ಹೇಳುವುದು ಇಷ್ಟೆ: ಇವು ಹೆರಿಗೆಗೆ ತವರಿಗೆ ಬಂದ ನಮ್ಮ ಹೆಣ್ಣುಮಕ್ಕಳು.

ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಎಂಬ ಮಾತು ಆ ಊರಲ್ಲಿದೆ. ಸುಮಾರು 1916ರಲ್ಲಿ ಪ್ಲೇಗು ಬಂದು ಜನ ಶಿಂಷಾ ದಡದ ಹಳೆಯ ಊರು ಬಿಟ್ಟಾಗ ಹಕ್ಕಿಗಳೂ ಬೆನ್ನಿಗೇ ಬಂದವೆಂಬ ಕಥೆಯೂ ಇದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆಂದು ಚೆನ್ನಾಗಿ ಬಲ್ಲ ರೈತ, ಅದೇ ಹಿಕ್ಕೆ ಒಳ್ಳೆ ಗೊಬ್ಬರವೆಂದೂ ಬಲ್ಲ. ಹಕ್ಕಿ ಹಕ್ಕಿಯೇ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಅದನ್ನು ಮಗಳೆನ್ನುತ್ತಾನೆ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಎಂದು ಘೋಷಿಸುವ ಎಷ್ಟೋ ಮೊದಲೇ ಹಕ್ಕಿಗಳನ್ನು ಕಾದದ್ದು ಈ ಒಂದು ಮಾತು.

ಅಲೌಕಿಕದಲ್ಲಿ ನಂಬಿಕೆ ಇಲ್ಲದೆ ನಿಸರ್ಗವನ್ನು ಆರಾಧಿಸಬಹುದೇ ಎಂಬ ಚರ್ಚೆ ಪಶ್ಚಿಮದಲ್ಲಿ ಹದಿನೇಳನೇ ಶತಮಾನದ ಸ್ಪಿನೋಜಾನಿಂದ ಇಂದಿನವರೆಗೂ ನಡೆದಿದೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಸೂರ್ಯೋದಯದ ಮುಂದೆ ಭಕ್ತನಾಗಿ ನಿಂತ ಕುವೆಂಪು ಅವರೇ ವಿಚಾರಕ್ರಾಂತಿಗೂ ಆಹ್ವಾನ ಕೊಟ್ಟರು. ಆ ಎರಡಕ್ಕೂ ಅವರೊಳಗೆ ಜಗಳವಿರಲಿಲ್ಲ. ಮಂಡ್ಯ ಸೀಮೆಯ ಬದುಕಿನಲ್ಲೂ ಇಂಥ ಹೊಂದಾಣಿಕೆ ಹಿಂದಿನಿಂದ ಇದೆ.

ನಿಸರ್ಗದ ಮಾತು ಹಾಗಿರಲಿ, ಮಾಯ ಮಂತ್ರದ ಗತಿ ಏನು? ಅದಕ್ಕೆ ಮಳವಳ್ಳಿ ತಾಲ್ಲೂಕಿಗೆ ಬರಬೇಕು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ನೀಲಗಾರರು ತಂಬೂರಿ ಮೀಟಿ, ಗಗ್ಗರ ಆಡಿಸಿ ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಪವಾಡಗಳದ್ದೇ ರಾಜ್ಯಭಾರ. ಅದರಲ್ಲೂ ‘ಹಲಗೂರ ಸಾಲು’ ಬಂದಿತೆಂದರೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಕಬ್ಬಿಣದ ಭಿಕ್ಷೆಗೆ ಬಂದ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನ ಕಮ್ಮಾರರಾದ ಪಾಂಚಾಳರು ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಡ್ಡುತ್ತಾರೆ. ಆತ ಎಲ್ಲವನ್ನೂ ಗೆದ್ದು ಕಬ್ಬಿಣ ಪಡೆಯುತ್ತಾನೆ. ಈ ಹಾಡನ್ನು ಮಳವಳ್ಳಿ ಮಹದೇವಸ್ವಾಮಿ ಅವರ ಕಂಠದಲ್ಲಿ ಕ್ಯಾಸೆಟ್ಟಿನಿಂದ ಕೇಳಿ ಬೆಳೆದ ತಲೆಮಾರು ನಮ್ಮದು. ಕೇಳಿದ ಯಾರೂ ಮರುದಿನ ಬೆಂಕಿಗೆ ಕೈಯಿಡಲಿಲ್ಲ. ಬರಿಗೈಯವನಿಗೆ ಕೊಡುವುದಿಲ್ಲವೆಂದ ಊರು ಕೊನೆಗೆ ಬಾಗಿತಲ್ಲ ಎಂಬ ಹಿಗ್ಗು ಮಾತ್ರ ಜತೆಗುಳಿಯಿತು. ಪವಾಡವು ಇಲ್ಲಿ ದೀನನೊಬ್ಬನ ಘನತೆಯನ್ನು ಹೇಳುವ ಭಾಷೆ.

ಪವಾಡದ ಕಥೆಗೂ ಪವಾಡದ ವ್ಯಾಪಾರಕ್ಕೂ ಇರುವ ವ್ಯತ್ಯಾಸ ಕಾನೂನಿಗೂ ಗೊತ್ತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು 2017ರಲ್ಲಿ ಕರ್ನಾಟಕ ಮಾಡಿದ ಕಾಯ್ದೆ, ಪವಾಡ ತೋರಿಸಿ ಹಣ ಕೀಳುವುದನ್ನು, ಜನರನ್ನು ಹೆದರಿಸುವುದನ್ನು ಅಪರಾಧವೆನ್ನುತ್ತದೆ. ಆಗಿಹೋದ ಸಂತರ ಪವಾಡಗಳನ್ನು ಹೇಳುವುದಕ್ಕೆ, ಹರಿಕಥೆ, ಭಜನೆಗೆ ಅಡ್ಡಿ ಮಾಡುವುದಿಲ್ಲ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಎತ್ತಿದ್ದೂ ಪವಾಡಪುರುಷರೆಂದು ಹೇಳಿಕೊಳ್ಳುವವರ ಬಗ್ಗೆ. ಹಾಡಿದ ಪವಾಡ ಕೇಳುಗನನ್ನು ಹಿರಿದಾಗಿಸುತ್ತದೆ. ಮಾರಿದ ಪವಾಡ ಅವನನ್ನು ಸುಲಿಯುತ್ತದೆ.

ಈ ಅಳತೆಗೋಲನ್ನು ನಿಸರ್ಗಾರಾಧನೆಗೂ ಹಿಡಿಯಬೇಕು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ. 2025ರಲ್ಲಿ ಜೂನ್ 30ಕ್ಕೇ ಆ ಯೋಗ ಕೂಡಿಬಂತು. ಆ ದಿನ ಬಾಗಿನ ಬಿಟ್ಟವರು, ಮೌಢ್ಯದ ವಿರುದ್ಧ ಕಾಯ್ದೆ ತಂದ ಸಿದ್ದರಾಮಯ್ಯನವರೇ. ಇದು ಇಬ್ಬಂದಿತನವೆಂದು ಹಲವರು ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತುಂಬಿದ ನೀರಿನ ಮುಂದೆ ಅರಿಸಿನ, ಕುಂಕುಮ, ಬಳೆಯ ಮೊರ ಹಿಡಿದು ನಿಲ್ಲುವವನು ನದಿ ತನ್ನ ಮಾತು ಕೇಳಿಸಿಕೊಳ್ಳುತ್ತದೆಂದು ನಂಬಲೇಬೇಕಿಲ್ಲ. ನೀರಿನ ಋಣವನ್ನು ಒಪ್ಪಿಕೊಂಡರೆ ಸಾಕು. ಮಂಡ್ಯದ ರೈತರ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ವಿಶ್ವೇಶ್ವರಯ್ಯನವರ ಪಟ ತೂಗುವುದೂ ಇದೇ ಬಗೆಯ ಋಣದಿಂದ. ಅವರು ಎಂಜಿನಿಯರ್, ಮನುಷ್ಯ ಎಂಬುದು ಊದುಬತ್ತಿ ಹಚ್ಚುವವರಿಗೆ ಗೊತ್ತಿಲ್ಲವೇ?

ಆದರೆ ಋಣದ ಮಾತಿಗೂ ವೈಭವಕ್ಕೂ ದೂರವಿದೆ. ಗಂಗಾರತಿಯ ಮಾದರಿಯಲ್ಲಿ ಕಟ್ಟೆಯ ಬಳಿ ಕಾವೇರಿ ಆರತಿ ನಡೆಸುವ ಸುಮಾರು 92 ಕೋಟಿ ರೂಪಾಯಿಯ ಯೋಜನೆಯನ್ನು ಸರ್ಕಾರ ಮುಂದಿಟ್ಟಾಗ ವಿರೋಧಿಸಿ ಎದ್ದು ನಿಂತವರು ರೈತ ಸಂಘಟನೆಗಳವರು. ಅವರು ಕಾವೇರಿಯನ್ನು ತಾಯಿ ಎನ್ನುವವರೇ. ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗೆ ಹೊತ್ತಿಗೆ ಸರಿಯಾಗಿ ತಲುಪದೆ, ಭತ್ತದ ಪೈರು ಕಣ್ಣೆದುರೇ ಬಾಡುವುದನ್ನು ಕಂಡವರ ಸೀಮೆ ಇದು. ದೀಪಕ್ಕೆ ದುಡ್ಡುಂಟು, ನಾಲೆಯ ಹೂಳಿಗಿಲ್ಲವೆಂದರೆ ಅವರ ಭಕ್ತಿಗೇ ನೋವಾಗುತ್ತದೆ.

ನಂಬಿಕೆ ಕಳಚಿದರೆ ಭಕ್ತಿ ಒಣಗುತ್ತದೆ ಎಂಬುದು ಆಸ್ತಿಕರ ಅಳುಕು. ಭಕ್ತಿ ಉಳಿದರೆ ಮೌಢ್ಯ ಹಿಂಬಾಗಿಲಿನಿಂದ ಬರುತ್ತದೆ ಎಂಬುದು ವಿಚಾರವಾದಿಗಳ ಅಳುಕು. ಎರಡೂ ಸುಳ್ಳಲ್ಲ. ಎರಡಕ್ಕೂ ಕೊಕ್ಕರೆ ಬೆಳ್ಳೂರಿನಲ್ಲಿ ಉತ್ತರವಿದೆ. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಜಂತುಹುಳುವಿನ ಬಾಧೆ. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವ ಹುಳು ಅದು. ಅದನ್ನು ಕಂಡುಹಿಡಿಯಲು ಪಶುವೈದ್ಯರೇ ಬೇಕಾಯಿತು. ಹಕ್ಕಿ ಮಗಳೆಂಬ ಮಾತು ನಿಜವಾದರೆ, ಆ ಮಗಳು ಉಣ್ಣುವ ಕೆರೆಯ ನೀರು ಹೇಗಿದೆ ಎಂದು ವಿಚಾರಿಸುವುದೂ ತವರಿನದೇ ಕೆಲಸ. ಅಕ್ಕರೆ ಇದ್ದರೆ ಈ ವಿಚಾರಣೆ ತಾನಾಗಿ ಹುಟ್ಟುತ್ತದೆ. ವಿಚಾರಣೆಗೆ ಅಂಜುವ ಭಕ್ತಿಯನ್ನು ಅನುಮಾನಿಸಬೇಕು.

ಹಾಗಾಗಿ ಬಾಗಿನ ನಡೆಯಲಿ, ನೀಲಗಾರರ ತಂಬೂರಿ ನುಡಿಯಲಿ. ಜತೆಗೆ ಬಾಗಿನ ಬಿಟ್ಟ ವಾರದಲ್ಲೇ ಕೊನೆ ಭಾಗದ ನಾಲೆಗೆ ಎಂದು ನೀರು ಬರುತ್ತದೆಂಬ ದಿನಾಂಕ ಹೊರಬೀಳಲಿ. ಹಕ್ಕಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟ ಮನೆಗೆ ಪರಿಹಾರ ಹೊತ್ತಿಗೆ ಸರಿಯಾಗಿ, ತಕ್ಕಷ್ಟು ಸಿಗಲಿ. ಇಷ್ಟು ವರ್ಷ ಮರಿ ಬಿದ್ದಾಗಲೆಲ್ಲ ಆ ಮನೆಯವರು ಬಾಗಿ ಎತ್ತಿಕೊಂಡಿದ್ದಾರೆ. ಅವರಿಗೆ ನಾವು ಕೊಡಬೇಕಾದ ಬಾಗಿನ ಇನ್ನೂ ಬಾಕಿ ಇದೆ.