ಗೊಂಬೆ ಇದ್ದರೆ ಸಾಲದು, ಗುರುವೂ ಬೇಕು

ಇಂಜೆಕ್ಷನ್ ಕೊಡುವುದು ಹೇಗೆಂದು ನಾಲ್ಕು ಪುಟ ಬರೆಯಬಲ್ಲವರೆಲ್ಲ ಇಂಜೆಕ್ಷನ್ ಕೊಡಬಲ್ಲರೇ? ವೈದ್ಯಕೀಯ ಶಿಕ್ಷಣದಲ್ಲಿ ಈಗ ಆಗುತ್ತಿರುವ ಬದಲಾವಣೆಯ ಮೂಲದಲ್ಲಿರುವುದು ಈ ಸರಳ ಪ್ರಶ್ನೆ.

1997ರ ನಿಯಮದಂತೆ ನಡೆಯುತ್ತಿದ್ದ ಎಂಬಿಬಿಎಸ್‌ಗೆ 2019ರ ಬ್ಯಾಚ್‌ನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಇದರಂತೆ ಉಪನ್ಯಾಸ ಒಟ್ಟು ಬೋಧನೆಯ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಉಳಿದದ್ದು ಚರ್ಚೆ, ಪ್ರಾಯೋಗಿಕ ತರಗತಿ, ರೋಗಿಗಳ ಬಳಿ ಕಲಿಕೆ. ಮೊದಲ ವರ್ಷದಲ್ಲೇ ಆಸ್ಪತ್ರೆಯ ಪರಿಚಯವಾಗುತ್ತದೆ. ರೋಗಿಯೊಡನೆ ಹೇಗೆ ಮಾತನಾಡಬೇಕು ಎಂಬುದಕ್ಕೂ ಪಾಠವಿದೆ. 2021-22ರ ಬ್ಯಾಚ್‌ನಿಂದ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ಗಮನಿಸುವ ಕೆಲಸವೂ ಸೇರಿದೆ.

ಇದರ ಜತೆಗೆ ಸ್ಕಿಲ್ ಲ್ಯಾಬ್ ಬಂದಿದೆ. ರೋಗಿಯ ಮೈ ಮುಟ್ಟುವ ಮೊದಲು ಗೊಂಬೆಯ ಮೇಲೆ ಅಭ್ಯಾಸ. ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವುದನ್ನು ಕಲಿಸುವ ಪ್ರಸಿದ್ಧ ಗೊಂಬೆ 'ರಿಸಸಿ ಆ್ಯನ್' 1960ರಲ್ಲಿ ಬಂತು. ಅದನ್ನು ತಯಾರಿಸಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್!

ಆದರೆ ಗೊಂಬೆ ತಾನಾಗಿ ಕಲಿಸುವುದಿಲ್ಲ. ಸಣ್ಣ ಲೆಕ್ಕ ಹಾಕೋಣ. 150 ವಿದ್ಯಾರ್ಥಿಗಳಿಗೆ ಒಂದು ಗಂಟೆಯ ಉಪನ್ಯಾಸಕ್ಕೆ ಒಬ್ಬರು ಪ್ರಾಧ್ಯಾಪಕರು ಸಾಕು. ಅದೇ 150 ಮಂದಿ ಒಂದೊಂದು ಕೌಶಲವನ್ನು ಮಾಡಿ ತೋರಿಸಲು ತಲಾ ಐದು ನಿಮಿಷ ಎಂದರೂ ಹನ್ನೆರಡೂವರೆ ಗಂಟೆ ಬೇಕು. ಲಾಗ್‌ಬುಕ್‌ನಲ್ಲಿ 'ಪೂರ್ಣ' ಅಥವಾ 'ಮತ್ತೊಮ್ಮೆ ಮಾಡಬೇಕು' ಎಂದು ಬರೆಯುವವರು ಕಣ್ಣಾರೆ ನೋಡಿರಬೇಕು. ನೋಡುವವರೇ ಇಲ್ಲದಿದ್ದರೆ ಉಳಿಯುವುದು ಸಹಿ ಮಾತ್ರ.

ಎಂಜಿನಿಯರಿಂಗ್‌ನಲ್ಲಿರುವ ನಮಗೆ ಇದು ಹೊಸತಲ್ಲ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಪಕ್ಕ 'ಎಲ್2', 'ಸಿಒ3' ಎಂದು ಕಲಿಕೆಯ ಹಂತ, ಗುರಿಗಳು ಅಚ್ಚಾಗಿರುತ್ತವೆ. ಆದರೂ ಸಂದರ್ಶನದಲ್ಲಿ ಒಂದು ಸರ್ಕ್ಯೂಟ್ ಕೊಟ್ಟು ದೋಷ ಹುಡುಕಿ ಎಂದರೆ ತಡವರಿಸುತ್ತೇವೆ. ಹಾಳೆಯ ಮೇಲಿನ ಗುರಿ ಕೈಗೆ ಇಳಿಯಲು ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ನಮ್ಮ ತಪ್ಪಿಗೆ ಬೋರ್ಡ್ ಸುಡುತ್ತದೆ, ವೈದ್ಯರ ತಪ್ಪಿಗೆ ಜೀವ ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಬಲು ದೊಡ್ಡದು.

ಈ ಮಾತು ನಮ್ಮೂರಿಗೂ ಅನ್ವಯ. ದಕ್ಷಿಣ ಕನ್ನಡದ ಮೆಡಿಕಲ್ ಕಾಲೇಜುಗಳೆಲ್ಲ ಖಾಸಗಿಯವು. ಸುಳ್ಯದ ಕೆವಿಜಿ ಬಿಟ್ಟರೆ ಉಳಿದವು ಮಂಗಳೂರಿನ ಆಸುಪಾಸಿನಲ್ಲೇ ಇವೆ. ಪುತ್ತೂರಿಗೆ ಸರಕಾರಿ ಮೆಡಿಕಲ್ ಕಾಲೇಜು ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಬಂದರೆ ಬಡವರ ಮಕ್ಕಳಿಗೆ ಸೀಟು, ದರ್ಬೆಯಂಥ ಊರಿನ ರೋಗಿಗೆ ಮಂಗಳೂರು ದಾರಿಯ ಐವತ್ತು ಕಿಲೋಮೀಟರ್ ಉಳಿತಾಯ. ಆದರೆ ಜಾಗ ಎಷ್ಟು ಎಕರೆ, ಕಟ್ಟಡಕ್ಕೆ ಎಷ್ಟು ಕೋಟಿ ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಕಲಿಸುವವರು ಎಷ್ಟು ಮಂದಿ, ಅವರು ಇಲ್ಲೇ ಉಳಿಯುವಂತೆ ಏನು ವ್ಯವಸ್ಥೆ ಎಂದೂ ಕೇಳಬೇಕು. ನಾಳೆ ಅಲ್ಲಿ ಓದುವವರು ನಮ್ಮ ತಮ್ಮ ತಂಗಿಯರು, ಚಿಕಿತ್ಸೆ ಪಡೆಯುವವರು ನಮ್ಮ ಅಪ್ಪ ಅಮ್ಮಂದಿರು.

- ಬಿಇ ವಿದ್ಯಾರ್ಥಿ, ದರ್ಬೆ, ಪುತ್ತೂರು