ಕೀ ಬಂಚಿನ ಟಾರ್ಚಿಗೆ ಯಾವ ಸೆಲ್ಲು?

ನಮ್ಮೂರ ಕಡೆ ಟಾರ್ಚಿಗೆ ಬ್ಯಾಟರಿ ಅಂತಾರೆ, ಬ್ಯಾಟರಿಗೆ ಸೆಲ್ಲು ಅಂತಾರೆ. ಇಂಜಿನಿಯರಿಂಗ್ ಓದುವಾಗ ಊರಿಗೆ ಹೋದಾಗೆಲ್ಲ ನಾನು ಇದನ್ನು ತಿದ್ದುತ್ತಿದ್ದೆ. ಆಮೇಲೆ ತಿಳಿಯಿತು, ಪುಸ್ತಕದ ಪ್ರಕಾರವೂ ಒಂಟಿಯಾಗಿದ್ದರೆ ಅದು ಸೆಲ್ಲೇ, ಹಲವು ಸೇರಿದರೆ ಮಾತ್ರ ಬ್ಯಾಟರಿ. ಅರ್ಧ ಮಾತಿನಲ್ಲಾದರೂ ಊರಿನವರದ್ದೇ ಸರಿ. ಈ ಸಲದ ಅಂಕಣ ಆ ಒಂಟಿ ಸೆಲ್ಲಿನ ಬಗ್ಗೆ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಬೋರ್‌ವೆಲ್ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತೆ. ರಾತ್ರಿ ಪಾಳಿ ಬಂದ ವಾರ ಅಪ್ಪ ಹನ್ನೊಂದರ ಹೊತ್ತಿಗೆ ಎದ್ದು ಹೋಗಿ ಸ್ಟಾರ್ಟರ್ ಒತ್ತಿ ಬರಬೇಕು. ಮನೆಯಿಂದ ಮೋಟರ್ ಮನೆಗೆ ಆರೇಳು ನಿಮಿಷದ ದಾರಿ, ಅದರಲ್ಲಿ ಅರ್ಧ ಬದುವಿನ ಮೇಲೆ. ದೊಡ್ಡ ಟಾರ್ಚು ಮನೇಲಿ ಇದೆ, ಆದರೆ ಅದನ್ನು ಎಲ್ಲಿಟ್ಟೆ ಅಂತ ಹುಡುಕೋದೇ ಒಂದು ಕೆಲಸ. ಅದಕ್ಕೇ ಒಂದು ದೀಪಾವಳಿಗೆ ನಾನು ಬೆರಳುದ್ದದ ಟಾರ್ಚು ತಂದು ಮೋಟರ್ ಮನೆ ಕೀ ಬಂಚಿಗೇ ಸಿಕ್ಕಿಸಿದೆ. ಕೀ ಇಲ್ಲದೆ ಅಪ್ಪ ಹೋಗೋ ಹಾಗಿಲ್ಲ, ಹಾಗಾಗಿ ಬೆಳಕೂ ಜೊತೆಗೇ ಇರುತ್ತೆ. ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲು, ಅಂದರೆ ಟ್ರಿಪಲ್ ಎ, ಒಂದು ಸಾಕು. ಎರಡು ರೀಚಾರ್ಜ್ ಸೆಲ್ಲು ಮತ್ತು ಚಾರ್ಜರನ್ನೂ ಕೊಟ್ಟು, ಬುದ್ಧಿವಂತನ ಹಾಗೆ ಬೆಂಗಳೂರಿಗೆ ವಾಪಸು ಬಂದೆ.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಮೋಟರ್ ಹಾಕಿ ವಾಪಸು ಬರುವಾಗ, ಬದುವಿನ ನಡುವೆ ಬೆಳಕು ಹೋಯಿತು. ಮಂಕಾಗಿ ಅಲ್ಲ, ಸ್ವಿಚ್ ಆರಿಸಿದ ಹಾಗೆ. ಎರಡು ಹೆಜ್ಜೆ ಮುಂದೆ ಬುಸ್ ಅಂತ ಸದ್ದು. ಕುಕ್ಕರ್ ಕೂಗೋ ಮುಂಚೆ ಬರುತ್ತಲ್ಲ, ಅಂಥದ್ದು. ಕೊಳಕುಮಂಡಲ ಹಾಗೇ ಬುಸುಗುಡೋದು, ನಮ್ಮ ತೋಟದಲ್ಲಿ ಅದು ಅಪರೂಪವೂ ಅಲ್ಲ. ಫೋನು ಮನೇಲಿ ಚಾರ್ಜಿಗೆ ಹಾಕಿತ್ತು. ಅಪ್ಪ ನಿಂತಲ್ಲೇ ನಿಂತರು. ಇನ್ನೂ ಬರಲಿಲ್ಲವಲ್ಲ ಅಂತ ಅಮ್ಮ ಆ ಫೋನಿನ ಲೈಟ್ ಹಾಕಿಕೊಂಡು ಹುಡುಕಿ ಬರೋ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತಂತೆ. ಬೆಳಕು ಬಿಟ್ಟು ನೋಡಿದರೆ ಏನೂ ಇಲ್ಲ. ಹಾವೋ, ಮೋಟರ್ ಹಾಕಿದಾಗ ಡ್ರಿಪ್ ಪೈಪಿನ ಜಾಯಿಂಟಿಂದ ಬಂದ ಗಾಳಿಯೋ, ಇವತ್ತಿಗೂ ಗೊತ್ತಿಲ್ಲ.

ಬೆಳಗ್ಗೆ ಫೋನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, “ಚಾರ್ಜ್ ಮಾಡಿರಲಿಲ್ವಾ ಅಪ್ಪಾ?” ಹೇಳಿಕೊಳ್ಳೋಕೆ ನಾಚಿಕೆ, ಆದರೆ ಅದೇ ಕೇಳಿದ್ದು. ಅಪ್ಪ ಸಿಟ್ಟಾಗಲಿಲ್ಲ. “ಹಳೇ ಬ್ಯಾಟರಿ ಸಾಯೋಕ್ ಮುಂಚೆ ಹೇಳ್ತಿತ್ತು ಕಣೋ. ಕೆಂಪಗಾಗೋದು, ಮಂಕಾಗೋದು, ಮನೆ ಸೇರ್ಕೊಳ್ಳೋಷ್ಟು ಟೈಮ್ ಕೊಡೋದು. ಇದು ಹೇಳೋದೇ ಇಲ್ವಲ್ಲ” ಅಂದರು.

ಅಪ್ಪನ ಮಾತಿನಲ್ಲಿ ಇಡೀ ಸರ್ಕ್ಯೂಟಿನ ವಿಷಯವೇ ಇದೆ. ಹಳೇ ಬಲ್ಬಿನ ಟಾರ್ಚಿನಲ್ಲಿ ಎರಡೋ ಮೂರೋ ಸೆಲ್ಲು, ಒಂದು ತಂತಿ, ಒಂದು ಬಲ್ಬು. ಸೆಲ್ಲು ಬಳಲಿದ ಹಾಗೆ ಬಲ್ಬೂ ಬಳಲುತ್ತಿತ್ತು. ಎಲ್‌ಇಡಿಗೆ ಈ ಲೆಕ್ಕ ನಡೆಯೋಲ್ಲ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿಯೇ, ಮೇಲೊಂದು ಹಳದಿ ಲೇಪ. (ಆ ನೀಲಿಯನ್ನು ಸಾಧಿಸಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.) ಅದು ಉರಿಯೋಕೆ ಹೆಚ್ಚುಕಡಿಮೆ 3 ವೋಲ್ಟ್ ಬೇಕು. ಸಣ್ಣ ಸೆಲ್ಲಿನಲ್ಲಿ ಇರೋದು 1.5, ರೀಚಾರ್ಜ್ ಸೆಲ್ಲಿನಲ್ಲಿ 1.2. ಹಾಗಾಗಿ ನಡುವೆ ಬೂಸ್ಟ್ ಸರ್ಕ್ಯೂಟು ಅಂತ ಒಂದು ಕೂತಿರುತ್ತೆ. ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುವ ಮೋಟರ್ ಅಂದುಕೊಳ್ಳಿ.

ಒಳ್ಳೇ ಟಾರ್ಚುಗಳಲ್ಲಿ ಈ ಮೋಟರ್ ಬಲು ನಿಷ್ಠೆಯದ್ದು. ಸೆಲ್ಲಿನ ವೋಲ್ಟೇಜು ಇಳಿದರೂ ಎಲ್‌ಇಡಿಗೆ ಅಷ್ಟೇ ಶಕ್ತಿ ಕೊಡಬೇಕಲ್ಲ, ಅದಕ್ಕೆ ಸೆಲ್ಲಿನಿಂದ ಇನ್ನೂ ಜಾಸ್ತಿ ಕರೆಂಟು ಎಳೆಯುತ್ತೆ. 1.5 ಇದ್ದದ್ದು 1 ವೋಲ್ಟಿಗೆ ಇಳಿದಾಗ ಒಂದೂವರೆ ಪಟ್ಟು. ಬಳಲಿದವನ ಬೆನ್ನಿಗೆ ಇನ್ನೊಂದು ಮೂಟೆ! ಬೆಳಕು ಮಾತ್ರ ಒಂದೇ ಸಮ. ಡಬ್ಬದ ಮೇಲೆ ಇದನ್ನೇ ‘ರೆಗ್ಯುಲೇಟೆಡ್’ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಇದರ ಜೊತೆಗೆ ರೀಚಾರ್ಜ್ ಸೆಲ್ಲಿನ ಸ್ವಭಾವ ಸೇರಿತು ಅಂದರೆ ಮುಗೀತು. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1.2 ವೋಲ್ಟಿನ ಹತ್ತಿರವೇ ಕೊನೆಯವರೆಗೂ ನಿಂತು, ಆಮೇಲೆ ದಡಕ್ಕನೆ ಬೀಳುತ್ತೆ.

ಆಫೀಸಿನಲ್ಲಿ ನಾವು ‘ಗ್ರೇಸ್‌ಫುಲ್ ಡಿಗ್ರಡೇಷನ್’ ಅಂತ ದಿನಕ್ಕೆರಡು ಸಲ ಹೇಳ್ತೀವಿ. ಸರ್ವರ್ ಸಾಯೋದಾದರೂ ಮೊದಲು ನಿಧಾನವಾಗಬೇಕು, ಕೂಗಿ ಹೇಳಬೇಕು, ಆಮೇಲೆ ಸಾಯಬೇಕು. ಅದನ್ನೇ ಕೆಲಸ ಮಾಡುವ ನಾನು ಅಪ್ಪನ ಕೈಗೆ ಹೇಳದೆ ಸಾಯುವ ಯಂತ್ರ ಕೊಟ್ಟಿದ್ದೆ.

ಆ ವಾರಾಂತ್ಯ ಊರಿಗೆ ಹೋಗಿ ಟಾರ್ಚು ತಂದು, ಬಾತ್‌ರೂಮಿನಲ್ಲಿ ನಿಲ್ಲಿಸಿ, ಬೆಳಕು ಸೂರಿಗೆ ಬೀಳುವ ಹಾಗೆ ಮಾಡಿ, ಫೋನಿನ ಲಕ್ಸ್ ಮೀಟರ್ ಆ್ಯಪಿನಿಂದ ಐದೈದು ನಿಮಿಷಕ್ಕೆ ಅಳೆದೆ. (ಹೆಂಡತಿ ಸ್ನಾನಕ್ಕೆ ಕಾದು ಕಾದು ಬೈದಳು, ಅದು ಬೇರೆ ವಿಷಯ.) ಮಧ್ಯದ ಮೋಡಿನಲ್ಲಿ ರೀಚಾರ್ಜ್ ಸೆಲ್ಲು ಒಂದೂ ಮುಕ್ಕಾಲು ಗಂಟೆ ಗೆರೆ ಎಳೆದ ಹಾಗೆ ಒಂದೇ ಸಮ ಉರಿಯಿತು, ಮುಂದಿನ ಎರಡು ಅಳತೆಯೊಳಗೆ ಕತ್ತಲು. ಆಲ್ಕಲೈನ್ ಸೆಲ್ಲು ಒಂದು ಗಂಟೆ ಸಮವಾಗಿದ್ದು, ಆಮೇಲೆ ಗಂಟೆಗೂ ಹೆಚ್ಚು ಹೊತ್ತು ಇಳೀತಾ ಇಳೀತಾ, ಕೊನೆಗೆ ದೇವರ ಮನೆ ದೀಪದಷ್ಟು ಬೆಳಕನ್ನು ಬಹಳ ಹೊತ್ತು ಉಳಿಸಿಕೊಂಡಿತು. ಊರಿನ ಅಂಗಡಿಯಲ್ಲಿ ಸಿಗೋ ಅಗ್ಗದ ಸೆಲ್ಲು ಕಾಲು ಗಂಟೆಗೇ ಸುಸ್ತು. ಅದರ ಮೇಲೆ ‘ಹೆವಿ ಡ್ಯೂಟಿ’ ಅಂತ ಇರುತ್ತೆ, ಮೋಸ ಹೋಗಬೇಡಿ. ಅದು ಸತುವಿನ ಹಳೇ ಜಾತಿ, ಗೋಡೆ ಗಡಿಯಾರಕ್ಕೂ ರಿಮೋಟಿಗೂ ಸರಿ, ಜಾಸ್ತಿ ಕರೆಂಟು ಎಳೆಯೋ ಟಾರ್ಚಿಗಲ್ಲ.

ಡಬ್ಬದ ಮೇಲಿನ ಗಂಟೆಗಳನ್ನು ಓದೋದಕ್ಕೂ ಒಂದು ಗುಟ್ಟಿದೆ. ಟಾರ್ಚುಗಳಿಗೆ 2009ರಲ್ಲಿ ಅಮೆರಿಕದಲ್ಲಿ ಎಫ್‌ಎಲ್-1 ಅನ್ನೋ ಮಾನದಂಡ ಬಂತು. ಅದರ ಪ್ರಕಾರ ರನ್‌ಟೈಮ್ ಅಂದರೆ, ಹಚ್ಚಿದ 30 ಸೆಕೆಂಡಿಗೆ ಇದ್ದ ಬೆಳಕು ಶೇ. 10ಕ್ಕೆ ಇಳಿಯುವವರೆಗಿನ ಹೊತ್ತು. ಶೇ. 10! ಹಾಗಾಗಿ ಮೊದಲ ಎರಡು ಮೂರು ನಿಮಿಷ ಝಗ್ ಅಂತ ಉರಿದು, ಆಮೇಲೆ ತಾನಾಗೇ ಕಾಲು ಭಾಗಕ್ಕೆ ಇಳಿದು ತೆವಳಿದರೂ ದೊಡ್ಡ ಲ್ಯುಮೆನ್, ದೊಡ್ಡ ಗಂಟೆ ಎರಡನ್ನೂ ಒಟ್ಟಿಗೆ ಬರೆಯಬಹುದು. ಸುಳ್ಳಲ್ಲ, ಆದರೆ ಎರಡೂ ಒಂದೇ ಹೊತ್ತಿನಲ್ಲಿ ಸಿಗೋಲ್ಲ. ನಾನು ಹಾಕೋ ಲೆಕ್ಕ ಸರಳ: ಒಂದು ಟ್ರಿಪಲ್ ಎ ಸೆಲ್ಲಿನಲ್ಲಿ ಸುಮಾರು 1 ವ್ಯಾಟ್-ಅವರ್ ಶಕ್ತಿ, ಸರ್ಕ್ಯೂಟಿನ ನಷ್ಟ ಕಳೆದರೆ ಅಂದಾಜು 80 ಲ್ಯುಮೆನ್ ಒಂದು ಗಂಟೆ, ಅಥವಾ 8 ಲ್ಯುಮೆನ್ ಹತ್ತು ಗಂಟೆ. ಕಾಲ ಕೆಳಗಿನ ದಾರಿ ನೋಡೋಕೆ ಹತ್ತು ಹದಿನೈದು ಲ್ಯುಮೆನ್ ಧಾರಾಳ. 300 ಲ್ಯುಮೆನ್ ಅಂತ ಬರೆದಿರೋ ಬೆರಳುದ್ದದ ಟಾರ್ಚು ಕಂಡರೆ, ಎಷ್ಟು ನಿಮಿಷ ಅಂತ ಕೇಳಿ.

ಯುಎಸ್‌ಬಿ ಚಾರ್ಜಿನವು ಈಗ ಎಲ್ಲೆಲ್ಲೂ ಇವೆ. ಒಳಗಿನ ಲಿಥಿಯಂ ಅಯಾನ್ ಸೆಲ್ಲು ಹಾಳಾಗದಂತೆ ಕಾಯುವ ಸರ್ಕ್ಯೂಟು, ಚಾರ್ಜು ತೀರಾ ಇಳಿದಾಗ ಸಂಪರ್ಕವನ್ನೇ ಕಡಿದುಬಿಡುತ್ತೆ. ಅದೂ ಹೇಳದೆ ಆರುವ ಜಾತಿಯೇ, ಮುಂಚೆಯೇ ಮಿಣುಕಿ ಎಚ್ಚರಿಸುವ ಮಾದರಿ ಆದರೆ ಮಾತು ಬೇರೆ. ಟ್ರಿಪಲ್ ಎ ಅಳತೆಯಲ್ಲೇ 10440 ಅನ್ನೋ ಲಿಥಿಯಂ ಸೆಲ್ಲು ಸಿಗುತ್ತೆ, ಅದು ತುಂಬಿದಾಗ 4.2 ವೋಲ್ಟ್. ಅದಕ್ಕೆ ಅಂತ ಮಾಡಿರದ ಟಾರ್ಚಿಗೆ ಹಾಕಿದರೆ ಸರ್ಕ್ಯೂಟು ಸುಡಬಹುದು.

ಬಟನ್ ಸೆಲ್ಲಿನ ಕೀ ಚೈನು ಲೈಟುಗಳ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗೋವು ಇವೇ. ಇವುಗಳಲ್ಲಿ ಸರ್ಕ್ಯೂಟೇ ಇರೋಲ್ಲ, ಸೆಲ್ಲಿನಿಂದ ನೇರ ಎಲ್‌ಇಡಿಗೆ. ಮೆಲ್ಲಗೆ ಮಂಕಾಗುತ್ತವೆ, ಅಪ್ಪನ ಪರೀಕ್ಷೆಯಲ್ಲಿ ಪಾಸು. ಆದರೆ ಅಕ್ಕನ ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ನಮ್ಮನೆಯಲ್ಲಿದ್ದ ಅಂಥವನ್ನೆಲ್ಲ ನಾನು ಹೊರಗೆ ಹಾಕಿದೆ. ಮಗು ಆ ಬಿಲ್ಲೆ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಸುತ್ತಲಿನ ತೇವದಿಂದ ಕರೆಂಟು ಹರಿದು ಅಲ್ಲೇ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಒಳಗೆ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ಮನೇಲಿ ಕಾಯದೆ ಆಸ್ಪತ್ರೆಗೆ ಓಡಿ. ಸ್ಕ್ರೂ ಹಾಕಿ ಮುಚ್ಚದ ಬಟನ್ ಸೆಲ್ಲಿನ ಲೈಟು ಮಕ್ಕಳಿರೋ ಮನೆಗೆ ಬೇಡ.

ಕೊನೆಗೆ ಅಪ್ಪನಿಗೆ ಮಾಡಿದ ಏರ್ಪಾಡು ಇಷ್ಟು. ದಿನಾ ಬಳಸುವ ಟಾರ್ಚಿಗೆ ರೀಚಾರ್ಜ್ ಬದಲು ಆಲ್ಕಲೈನ್. ಅದು ಸೋರುತ್ತೆ ಅನ್ನೋ ಕಾಟ ಇದೆ, ಸುಮ್ಮನೆ ಬಿಟ್ಟ ಸೆಲ್ಲಿನಿಂದ ಕ್ಷಾರ ಜಿನುಗಿ ಟಾರ್ಚನ್ನೇ ತಿನ್ನುತ್ತೆ. ಆದರೆ ಅಪ್ಪ ತಿಂಗಳೊಳಗೆ ಮುಗಿಸಿ ತೆಗೆಯುವುದರಿಂದ ಆ ಭಯ ಕಡಿಮೆ. ಅದೇ ಬಂಚಿಗೆ ಎರಡನೇ ಟಾರ್ಚೊಂದನ್ನು ಸಿಕ್ಕಿಸಿ, ರೀಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಸೆಲ್ಲು ಹಾಕಿದ್ದೀನಿ. ಬೆಲೆ ಜಾಸ್ತಿ, ತರಿಸಿಕೊಳ್ಳಬೇಕು, ಆದರೆ ಹಗುರ, ವರ್ಷಗಟ್ಟಲೆ ಇಟ್ಟರೂ ಸೋರುವ ಚಿಂತೆ ಇಲ್ಲದಷ್ಟು ಭದ್ರ. ಅದನ್ನು ಮೊದಲನೆಯದು ಆರಿದಾಗ ಮಾತ್ರ ಹಚ್ಚಬೇಕು ಅಂತ ಒಪ್ಪಂದ. ರೀಚಾರ್ಜ್ ಸೆಲ್ಲುಗಳು ಟಿವಿ ರಿಮೋಟಿಗೆ ಹೋದವು.

ಮೊನ್ನೆ ರಾತ್ರಿ ಪಾಳಿಯ ವಾರ ಅಮ್ಮನಿಗೆ ಫೋನ್ ಮಾಡಿ, ಟಾರ್ಚು ಹೇಗಿದೆ ಅಂತ ಕೇಳಿದೆ. “ಒಂದು ವಾರದಿಂದ ಮಂಕಾಗ್ತಿದೆ ಅಂತಿದ್ರು, ಇವತ್ತು ಸಂತೆಯಿಂದ ಸೆಲ್ಲು ತಂದವ್ರೆ” ಅಂದಳು. ಹೆವಿ ಡ್ಯೂಟಿ ತಂದಿಲ್ಲ ತಾನೇ ಅಂತ ವಿಚಾರಿಸಿದೆ. ಒಳಗಿಂದ ಅಪ್ಪನ ದನಿ ಕೇಳಿಸ್ತು: “ಅಂಗಡಿಯವ್ನಿಗೇ ಪಾಠ ಹೇಳಿ ಬಂದಿದೀನಿ ಅಂತ ಹೇಳು ಅವನಿಗೆ.”