ಒಂದು ತಂತ್ರಾಂಶಕ್ಕಾಗಿ ಇಡೀ ಕಾವಲನ್ನೇ ತೆಗೆಯಬೇಕೆ?

ಕಳೆದ ತಿಂಗಳು ನಮ್ಮ ಮನೆಯ ಗಣಕಯಂತ್ರದಲ್ಲಿ ಹಳೆಯ ಕನ್ನಡ ಬೆರಳಚ್ಚು ತಂತ್ರಾಂಶವೊಂದು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ಸರಿಪಡಿಸಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದ. "ಏನು ಮಾಡಿದೆಯಪ್ಪಾ?" ಎಂದೆ. "ಮೆಮೊರಿ ಪ್ರೊಟೆಕ್ಷನ್ ಆಫ್ ಮಾಡಿದೆ ಸಾರ್, ಅದೇ ತಡೀತಿತ್ತು" ಎಂದ. ಅವನ ಹೆಸರು ಬರೆಯುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಅವನು ಮಾಡಿದ್ದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಶಾಲೆಯಲ್ಲಿ ಜವಾನ ತರಗತಿಯಿಂದ ತರಗತಿಗೆ ತರುತ್ತಿದ್ದ ಸೂಚನಾ ಪುಸ್ತಕ ನಿಮಗೆ ನೆನಪಿರಬೇಕು. ಅದರಲ್ಲಿ "ನಾಳೆ ರಜೆ" ಎಂದಿದ್ದರೆ ಅದು ಆಜ್ಞೆ. ಅದೇ ಮಾತನ್ನು ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದ ಪುಸ್ತಕದಲ್ಲಿ ಬರೆದರೆ ಯಾರೂ ಗಂಟೆ ಬಾರಿಸುವುದಿಲ್ಲ. ಗಣಕದ ಸ್ಮೃತಿಯಲ್ಲಿಯೂ ಆಜ್ಞೆಗಳಿಗೆ ಒಂದು ಜಾಗ, ಬರಿಯ ಮಾಹಿತಿಗೆ ಇನ್ನೊಂದು ಜಾಗ. ಮಾಹಿತಿಯ ಜಾಗದಲ್ಲಿ ಕಳ್ಳ ಆಜ್ಞೆಯನ್ನು ತುರುಕಿ, ಯಂತ್ರ ಅದನ್ನು ಪಾಲಿಸುವಂತೆ ಮಾಡುವುದು ದುಷ್ಟ ತಂತ್ರಾಂಶಗಳ ಹಳೆಯ ಉಪಾಯ. 2003ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಗಣಕಗಳನ್ನು ತಾವಾಗಿಯೇ ಸ್ಥಗಿತಗೊಳಿಸಿದ ಬ್ಲಾಸ್ಟರ್ ಹುಳು ಹೊಕ್ಕಿದ್ದು ಇಂಥದೇ ದಾರಿಯಿಂದ. ಮರುವರ್ಷ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ "ಡೇಟಾ ಎಕ್ಸಿಕ್ಯೂಶನ್ ಪ್ರಿವೆನ್ಶನ್" ಎಂಬ ಕಾವಲು ಸೇರಿತು. ಮಾಹಿತಿಯ ಜಾಗದಿಂದ ಆಜ್ಞೆ ಹೊರಟರೆ ಆ ತಂತ್ರಾಂಶವನ್ನೇ ಅದು ಮುಚ್ಚಿಬಿಡುತ್ತದೆ.

ಕೆಲವು ಹಳೆಯ ತಂತ್ರಾಂಶಗಳು ಕೆಟ್ಟವಲ್ಲದಿದ್ದರೂ ಈ ನಿಯಮ ಮೀರುತ್ತವೆ. ಅದಕ್ಕೂ ವ್ಯವಸ್ಥೆಯಿದೆ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್, ಅಲ್ಲಿಂದ ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್ ತೆರೆದರೆ ಈ ಕಾವಲಿನ ಪುಟ ಸಿಗುತ್ತದೆ. ಅಲ್ಲಿ ಎರಡು ಆಯ್ಕೆಗಳು: ವಿಂಡೋಸಿನ ಮುಖ್ಯ ಭಾಗಗಳಿಗೆ ಮಾತ್ರ ರಕ್ಷಣೆ, ಅಥವಾ ನಾವು ಹೆಸರಿಸಿದವನ್ನು ಬಿಟ್ಟು ಉಳಿದೆಲ್ಲಕ್ಕೂ ರಕ್ಷಣೆ. ನಾನು ಎರಡನೆಯದನ್ನು ಆರಿಸಿ, ಆ ಒಂದು ತಂತ್ರಾಂಶವನ್ನು ಮಾತ್ರ ಪಟ್ಟಿಗೆ ಸೇರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. (32 ಬಿಟ್‌ನ ಹಳೆಯವಕ್ಕಷ್ಟೇ ಈ ವಿನಾಯಿತಿ, 64 ಬಿಟ್‌ನವಕ್ಕೆ ಇಲ್ಲ.) ಕನ್ನಡ ಟೈಪೂ ಆಗುತ್ತಿದೆ, ಕಾವಲೂ ಇದೆ. ಒಬ್ಬನ ಗದ್ದೆಗೆ ನೀರು ಸಾಲದೆಂದು ಭದ್ರಾ ಅಣೆಕಟ್ಟೆಯ ಬಾಗಿಲನ್ನೆಲ್ಲ ಎತ್ತಿದರೆ ಲಕ್ಕವಳ್ಳಿಯವರು ಸುಮ್ಮನಿರುತ್ತೇವೆಯೇ?

ವಿಂಡೋಸ್ ಸೆಕ್ಯೂರಿಟಿಯ "ಮೆಮೊರಿ ಇಂಟೆಗ್ರಿಟಿ" ಬೇರೆಯದು. ಅದು ಡ್ರೈವರ್‌ಗಳನ್ನು ಪರೀಕ್ಷಿಸುತ್ತದೆ; ಅದರಲ್ಲಿ ವಿನಾಯಿತಿಯ ಪಟ್ಟಿಯಿಲ್ಲ. ಹೊಂದದ ಡ್ರೈವರ್‌ನ ಹೆಸರನ್ನು ಅದೇ ತೋರಿಸುತ್ತದೆ. ಹೊಸದನ್ನು ಹಾಕಬೇಕು, ಇಲ್ಲವೇ ತೆಗೆಯಬೇಕು.

ರಿಪೇರಿಯವರ ಕಷ್ಟ ನನಗೆ ತಿಳಿಯದ್ದಲ್ಲ. ಕೆಲಸ ಆಯಿತೇ ಎಂದು ಕೇಳುವವರೇ ಎಲ್ಲರೂ. ರಕ್ಷಣೆಗೆಂದು ಯಾರೂ ಹಣ ಕೊಡುವುದಿಲ್ಲ. ಆದರೆ ಅದೇ ಯಂತ್ರದಲ್ಲಿ ನಮ್ಮಂಥವರು ಪಿಂಚಣಿಯ ಬ್ಯಾಂಕ್ ಖಾತೆಯನ್ನು ನೋಡುತ್ತೇವೆ. ಯಾವ ಕಾವಲನ್ನಾದರೂ ತೆಗೆದರೆ ಮನೆಯವರಿಗೆ ಹೇಳಿ, ಬಿಲ್ಲಿನ ಮೇಲೆ ಒಂದು ಸಾಲು ಬರೆದುಕೊಡಬೇಕು. ನಾನು ಕೇಳಿರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.